ಗೆರೆ ಎಳೆಯುವ ಮೊದಲು ಒಂದು ಸಾಲು ಬರೆದುಕೊಳ್ಳಿ

ಚಿತ್ರಕಲೆ, ವಿನ್ಯಾಸ ಕಲಿತು ಒಂದೆರಡು ವರ್ಷದಿಂದ ಸ್ವತಂತ್ರವಾಗಿ ದುಡಿಯುತ್ತಿರುವ ಓದುಗರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನ ಪತ್ರಗಳ ತೊಂದರೆಗೆ ಬೇರು ಒಂದೇ: ಕೆಲಸ ಶುರುವಾಗುವ ಮೊದಲು ಯಾರೂ ಏನನ್ನೂ ಬರೆದುಕೊಂಡಿಲ್ಲ. ಹಾಗಾಗಿ ಅಲ್ಲಿಂದಲೇ ಆರಂಭಿಸುತ್ತೇವೆ.

*

ಒಬ್ಬ ಪ್ರಕಾಶಕರು ಕಥಾಸಂಕಲನಕ್ಕೆ ಮುಖಪುಟ ಮತ್ತು ಹತ್ತು ಕಪ್ಪು-ಬಿಳುಪು ಒಳಚಿತ್ರ ಕೇಳಿದ್ದಾರೆ. ಫೋನಿನಲ್ಲೇ "ಎಷ್ಟಾಗತ್ತೆ ಹೇಳಿ" ಅಂದರು. ನನಗೆ ಬಾಯಿ ಕಟ್ಟಿಹೋಯಿತು. ದರ ಕಟ್ಟುವುದು ಹೇಗೆ?
— ಓದುಗರು, ದಾವಣಗೆರೆ

ಫೋನಿನಲ್ಲಿ ಮೊತ್ತ ಹೇಳಬೇಡಿ. "ವಿವರ ಬರೆದು ನಾಳೆ ಸಂಜೆಯೊಳಗೆ ಕಳಿಸುತ್ತೇನೆ" ಎಂದರೆ ಕೆಲಸ ಕೊಡಬೇಕೆಂದಿರುವ ಯಾವ ಪ್ರಕಾಶಕರೂ ಬೇಸರ ಮಾಡಿಕೊಳ್ಳುವುದಿಲ್ಲ. ಅದೇ ಕರೆಯಲ್ಲಿ ಇಷ್ಟನ್ನು ಕೇಳಿಟ್ಟುಕೊಳ್ಳಿ: ಪುಸ್ತಕ ಡೆಮಿ 1/8, ಕ್ರೌನ್ 1/4 ಎಂಬ ರೂಢಿಯ ಅಳತೆಗಳಲ್ಲಿ ಯಾವುದು, ಎಷ್ಟು ಪ್ರತಿ, ಇ-ಪುಸ್ತಕವೂ ಬರುತ್ತದೆಯೇ, ಒಳಚಿತ್ರ ಪೂರ್ಣ ಪುಟದ್ದೋ ಅರ್ಧ ಪುಟದ್ದೋ, ಹಸ್ತಪ್ರತಿ ಅಂತಿಮವಾಗಿದೆಯೇ, ಚಿತ್ರಕ್ಕೆ ಒಪ್ಪಿಗೆ ಕೊಡುವವರು ಯಾರು. ಈ ಕೊನೆಯದನ್ನು ಮರೆಯಲೇಬಾರದು. ಪ್ರಕಾಶಕರು ಒಪ್ಪಿದ ಮುಖಪುಟವನ್ನು ಲೇಖಕರು ಕೊನೆಯ ಗಳಿಗೆಯಲ್ಲಿ ಬೇಡವೆಂದರೆ ನಿಮ್ಮ ನಾಲ್ಕು ದಿನ ನೀರಿನಲ್ಲಿ ಹೋಮ.

ಈಗ ಲೆಕ್ಕ. ನಿಮ್ಮ ದಿನಗೂಲಿ ಎಷ್ಟೆಂದು ನಿಮಗೆ ಗೊತ್ತಿರಬೇಕು. ಉದಾಹರಣೆಗೆ ಮನೆ ಖರ್ಚು ತಿಂಗಳಿಗೆ 25,000 ರೂ., ಇಂಟರ್ನೆಟ್, ತಂತ್ರಾಂಶದ ಬಾಡಿಗೆ, ಕಂಪ್ಯೂಟರಿನ ಸವಕಳಿ ಸೇರಿ 5,000, ಆರೋಗ್ಯ ವಿಮೆ ಮತ್ತು ಉಳಿತಾಯಕ್ಕೆ 5,000 ಎಂದಿಟ್ಟುಕೊಳ್ಳಿ. ಒಟ್ಟು 35,000. ಇದನ್ನು 25 ದಿನಕ್ಕೆ ಭಾಗಿಸುವುದು ಎಲ್ಲರೂ ಮಾಡುವ ತಪ್ಪು. ತಿಂಗಳಲ್ಲಿ ಹಣ ಬರುವ ಕೆಲಸಕ್ಕೆ ಸಿಗುವುದು 12 ದಿನ ಮಾತ್ರ ಎಂದು ಹಿಡಿಯಿರಿ. ಉಳಿದದ್ದು ಪತ್ರ ಬರೆಯುವುದು, ಬಿಲ್ ಬೆನ್ನಟ್ಟುವುದು, ಹೊಸ ಕೆಲಸ ಹುಡುಕುವುದು, ಕಲಿಯುವುದರಲ್ಲಿ ಹೋಗುತ್ತದೆ. 35,000 ಭಾಗಿಸು 12, ಅಂದರೆ ಸುಮಾರು 3,000. ಇದು ನಿಮ್ಮ ದಿನಗೂಲಿ.

ಮುಖಪುಟಕ್ಕೆ ಕಥೆಗಳನ್ನು ಓದಲು ಅರ್ಧ ದಿನ, ಎರಡು ಮೂರು ಕರಡುಗಳಿಗೆ ಒಂದು ದಿನ, ಅಂತಿಮ ಚಿತ್ರಕ್ಕೆ ಒಂದೂವರೆ ದಿನ, ತಿದ್ದುಪಡಿಗೆ ಅರ್ಧ ದಿನ. ಮೂರೂವರೆ ದಿನವೆಂದರೆ 10,500. ಒಳಚಿತ್ರಗಳು ಅರ್ಧ ದಿನಕ್ಕೊಂದರಂತೆ ಐದು ದಿನ, ತಿದ್ದುಪಡಿಗೆ ಒಂದು ದಿನ, ಒಟ್ಟು 18,000. ಎರಡೂ ಸೇರಿ 28,500. ಇದಕ್ಕಿಂತ ಕೆಳಗಿಳಿದರೆ ಕೈಯಿಂದ ಹಾಕಿ ದುಡಿದಂತೆ. ಮಾರುಕಟ್ಟೆಯ ದರ ಇದಕ್ಕಿಂತ ಹೆಚ್ಚಿದ್ದರೆ ಹೆಚ್ಚೇ ಕೇಳಿ.

"ನಮ್ಮ ಹತ್ತಿರ ಇರೋದು ಹದಿನೈದು ಸಾವಿರ" ಎಂದು ಅವರು ಹೇಳಬಹುದು. ಕನ್ನಡದಲ್ಲಿ ಸಣ್ಣ ಪ್ರಕಾಶಕರ ಕೈ ನಿಜವಾಗಿಯೂ ಬಿಗಿಯಾಗಿಯೇ ಇರುತ್ತದೆ, ಅವರನ್ನು ದೂರಬೇಡಿ. ಆದರೆ ಕಡಿಮೆಯಾಗಬೇಕಾದದ್ದು ಕೆಲಸ, ದಿನಗೂಲಿಯಲ್ಲ. ಮುಖಪುಟ ಹಾಗೇ ಇರಲಿ, ಹತ್ತು ಪೂರ್ಣ ಚಿತ್ರದ ಬದಲು ಕಥೆ ಮುಗಿಯುವಲ್ಲಿ ಬರುವ ಅಂಗೈ ಅಗಲದ ಆರು ಪುಟ್ಟ ಗೆರೆಚಿತ್ರ ಕೊಡಿ. ಅವು ಒಂದೂವರೆ ದಿನದಲ್ಲಿ ಆಗುತ್ತವೆ. ಪುಸ್ತಕಕ್ಕೂ ಅದು ಚೆಂದ.

ಕಳಿಸುವ ಪತ್ರ ಒಂದೇ ಪುಟದ್ದಿರಲಿ. ಅದರಲ್ಲಿ ಇಂಥ ಸಾಲುಗಳಿರಬೇಕು:

"ಮುಖಪುಟ 1, ಒಳಚಿತ್ರ 6. ಒಟ್ಟು 15,000 ರೂ. 40% ಮುಂಗಡ ಬಂದ ಮೇಲೆ ಕರಡು ಆರಂಭ. ಕರಡಿನ ಹಂತದಲ್ಲಿ ಎರಡು ಸುತ್ತು ತಿದ್ದುಪಡಿ, ಅಂತಿಮ ಚಿತ್ರದಲ್ಲಿ ಒಂದು ಸುತ್ತು. ಅದಕ್ಕೂ ಮೀರಿದ್ದಕ್ಕೆ ದಿನಕ್ಕೆ 3,000 ರೂ. ಒಪ್ಪಿಗೆ ತಿಳಿಸುವವರು ತಾವೊಬ್ಬರೇ. ಕರಡಿನ ನಂತರ ಕೆಲಸ ನಿಂತರೆ ಒಟ್ಟು ಮೊತ್ತದ ಅರ್ಧ, ಅಂತಿಮ ಚಿತ್ರದ ನಂತರ ನಿಂತರೆ ಪೂರ್ತಿ. ಚಿತ್ರಗಳ ಬಳಕೆ ಈ ಪುಸ್ತಕದ ಮೊದಲ ಮುದ್ರಣ, 1,000 ಪ್ರತಿ, ಮತ್ತು ಅದರ ಪ್ರಚಾರಕ್ಕೆ. ಮರುಮುದ್ರಣಕ್ಕೆ ಪ್ರತಿ ಸಲ ಮೊತ್ತದ 25%. ಬಾಕಿ, ಅಂತಿಮ ಫೈಲ್ ಕೊಟ್ಟ 15 ದಿನದೊಳಗೆ."

"ಒಪ್ಪಿದ್ದೇನೆ" ಎಂಬ ಮರು-ಇಮೇಲ್ ಬಂದ ಮೇಲಷ್ಟೇ ಪೆನ್ಸಿಲ್ ಹಿಡಿಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಮಾತಾಗಿದ್ದರೆ ಅದನ್ನೇ ಇಮೇಲ್‌ನಲ್ಲಿ ಇನ್ನೊಮ್ಮೆ ಬರೆದು ಒಪ್ಪಿಗೆ ಪಡೆಯಿರಿ. ತಿದ್ದುಪಡಿ ಹೆಚ್ಚಾಗುವುದು ಬಹುತೇಕ ಕರಡನ್ನು ಅವಸರದಲ್ಲಿ ದಾಟಿದಾಗ. ಬಣ್ಣ ಹಚ್ಚಿದ ಮೇಲೆ ಪಾತ್ರದ ನಿಲುವು ಬದಲಿಸುವುದಕ್ಕೆ ಒಂದು ದಿನ ಬೇಕು. ಪೆನ್ಸಿಲ್ ಕರಡಿನಲ್ಲಿ ಹತ್ತು ನಿಮಿಷ.

*

ಒಂದು ತಿಂಡಿ ಅಂಗಡಿಯ ಪೊಟ್ಟಣಕ್ಕೆ ಯಕ್ಷಗಾನ ವೇಷದ ಚಿತ್ರ ಬರೆದುಕೊಟ್ಟೆ. ಆರು ತಿಂಗಳ ಮೇಲೆ ನೋಡಿದರೆ ಅದೇ ಚಿತ್ರ ಟೀ ಶರ್ಟ್ ಮೇಲೆ, ಕೈಚೀಲದ ಮೇಲೆ ಮಾರಾಟವಾಗುತ್ತಿದೆ. ಕರಾರು ಏನೂ ಇಲ್ಲ. ಚಿತ್ರ ಯಾರದ್ದು?
— ಓದುಗರು, ಮಂಗಳೂರು

ಕರಾರಿಲ್ಲದಿದ್ದಾಗ ಉತ್ತರ ನೇರವಾಗಿಲ್ಲ, ಅದಕ್ಕೇ ಮೊದಲ ಉತ್ತರದಲ್ಲಿ ಅಷ್ಟು ಒತ್ತಿ ಹೇಳಿದ್ದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವರೇ. ಆದರೆ 17ನೇ ಕಲಮಿನಲ್ಲಿ ಕೆಲವು ಅಪವಾದಗಳಿವೆ. ಹಣ ಕೊಟ್ಟು ಹೇಳಿ ಮಾಡಿಸಿದ ಫೋಟೋ, ವರ್ಣಚಿತ್ರ, ಭಾವಚಿತ್ರ, ಕೆತ್ತನೆಗಳಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ ಮೊದಲ ಒಡೆಯ ಮಾಡಿಸಿದವರು. ನೌಕರಿಯ ಭಾಗವಾಗಿ ಮಾಡಿದ್ದು ಮಾಲೀಕರದ್ದು. ನಿಮ್ಮ ಚಿತ್ರವನ್ನು ಅವರು ಬಣ್ಣದ ಚಿತ್ರವೆಂದು ವಾದಿಸಬಹುದು, ನೀವು ರೇಖಾಚಿತ್ರ, ವಿನ್ಯಾಸ ಎಂದು ವಾದಿಸಬಹುದು. ಹೀಗೆ ಎಳೆದಾಡುವುದಕ್ಕೆ ಎಡೆ ಉಳಿದದ್ದು ಕಾಗದ ಇಲ್ಲದ್ದರಿಂದ.

ನಿಮ್ಮ ಕಡೆಗೆ ಬಲ ಕೊಡುವ ಅಂಶಗಳೂ ಇವೆ. ಹಕ್ಕು ನಿಮ್ಮದಾಗಿದ್ದರೆ, ಅದು ಅವರಿಗೆ ಹೋಗಬೇಕಾದರೆ ಬರಹದಲ್ಲಿ, ಸಹಿಯೊಂದಿಗೆ ಹೋಗಬೇಕು. ಬಾಯಿಮಾತಿನ ವರ್ಗಾವಣೆ ನಿಲ್ಲುವುದಿಲ್ಲ. ಹಾಗೆ ಬರೆದುಕೊಟ್ಟ ಪತ್ರದಲ್ಲೂ ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಎಂದಷ್ಟೇ ಅರ್ಥ. ಇದು 19ನೇ ಕಲಮು. ಇನ್ನು 57ನೇ ಕಲಮಿನ ಪ್ರಕಾರ, ಹಕ್ಕು ಮಾರಿದ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕು ಮತ್ತು ನಿಮ್ಮ ಹೆಸರಿಗೆ ಕುಂದು ತರುವಂತೆ ಅದನ್ನು ವಿರೂಪಗೊಳಿಸಿದರೆ ಪ್ರಶ್ನಿಸುವ ಹಕ್ಕು ನಿಮ್ಮಲ್ಲೇ ಉಳಿಯುತ್ತವೆ.

ಈಗ ಮಾಡಬೇಕಾದದ್ದು. ನಿಮ್ಮ ಬಿಲ್ ತೆಗೆದು ನೋಡಿ. ಅದರಲ್ಲಿ "ಪೊಟ್ಟಣದ ಚಿತ್ರ" ಎಂದಿದ್ದರೆ ಬಳಕೆ ಪೊಟ್ಟಣಕ್ಕೆ ಎಂಬುದಕ್ಕೆ ಅದೂ ಒಂದು ಸಾಕ್ಷಿ. ಪದರಗಳಿರುವ ಮೂಲ ಫೈಲ್, ದಿನಾಂಕವಿರುವ ಕರಡುಗಳು, ಮಾತುಕತೆಯ ಸಂದೇಶಗಳು ಇವನ್ನೆಲ್ಲ ಒಂದು ಫೋಲ್ಡರಿನಲ್ಲಿ ಕೂಡಿಡಿ. ಟೀ ಶರ್ಟ್, ಚೀಲ ಒಂದೊಂದನ್ನು ಕೊಂಡು ರಸೀದಿ ಇಟ್ಟುಕೊಳ್ಳಿ. ಆಮೇಲೆ ಸೌಮ್ಯವಾಗಿ ಒಂದು ಪತ್ರ ಬರೆಯಿರಿ: "ಪೊಟ್ಟಣಕ್ಕೆಂದು ಕೊಟ್ಟ ಚಿತ್ರ ಬೇರೆ ಎರಡು ವಸ್ತುಗಳಲ್ಲಿ ಬಳಕೆಯಾಗಿದೆ. ಅದಕ್ಕೆ ಪ್ರತ್ಯೇಕ ಬಳಕೆ ಶುಲ್ಕ ಇಷ್ಟು." ಅನೇಕ ಅಂಗಡಿಯವರಿಗೆ "ಹಣ ಕೊಟ್ಟಿದ್ದೇವೆ, ಚಿತ್ರ ನಮ್ಮದು" ಎಂಬ ಪ್ರಾಮಾಣಿಕ ನಂಬಿಕೆ ಇರುತ್ತದೆ. ಮೊದಲೇ ಫೇಸ್‌ಬುಕ್ಕಿನಲ್ಲಿ ಬೈದರೆ ಮಾತುಕತೆಯ ಬಾಗಿಲು ಮುಚ್ಚಿಹೋಗುತ್ತದೆ. ಅವರು ಒಪ್ಪದಿದ್ದರೆ, ಮೊತ್ತವೂ ದೊಡ್ಡದಿದ್ದರೆ, ವಕೀಲರ ನೋಟಿಸು ಮುಂದಿನ ಹೆಜ್ಜೆ.

ಕೃತಿಸ್ವಾಮ್ಯ ನೋಂದಣಿ ಕಡ್ಡಾಯವಲ್ಲ. ಚಿತ್ರ ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ಬೇಕೆಂದರೆ ಒಂದು ಕಲಾಕೃತಿಗೆ 500 ರೂ., ಸರಕಿನ ಮೇಲೆ ಬಳಸುವಂಥ ಕಲಾಕೃತಿಯಾದರೆ 2,000 ರೂ. ಶುಲ್ಕ. ಎಲ್ಲ ಚಿತ್ರಕ್ಕೂ ಇದನ್ನು ಮಾಡಿಸಬೇಕಿಲ್ಲ. ಲಾಂಛನ, ನೀವೇ ಸೃಷ್ಟಿಸಿದ ಪಾತ್ರ, ಇಂಥ ಬಹುಕಾಲ ಬಾಳುವ ಕೆಲಸಕ್ಕೆ ಮಾಡಿಸಿ.

*

ಹುಬ್ಬಳ್ಳಿಯ ಒಂದು ಕಂಪನಿಗೆ ಕ್ಯಾಟಲಾಗ್ ವಿನ್ಯಾಸ ಮಾಡಿಕೊಟ್ಟು ನಾಲ್ಕು ತಿಂಗಳಾಯಿತು. ಕೇಳಿದಾಗೆಲ್ಲ "ಮುಂದಿನ ವಾರ ನೋಡೋಣ್ರಿ" ಅಂತಾರೆ. ಏನು ದಾರಿ?
— ಓದುಗರು, ಧಾರವಾಡ

ನೀವು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಮಾಡಿಸಿದ್ದೀರಾ ಎಂಬುದರ ಮೇಲೆ ದಾರಿ ನಿಂತಿದೆ. ಒಬ್ಬರೇ ಮನೆಯಲ್ಲಿ ಕುಳಿತು ಮಾಡುವ ವಿನ್ಯಾಸದ ಕೆಲಸವೂ ಸೂಕ್ಷ್ಮ ಉದ್ಯಮವೇ. ಆಧಾರ್ ಮತ್ತು ಪ್ಯಾನ್ ಇದ್ದರೆ ಸರ್ಕಾರದ ಉದ್ಯಮ್ ಜಾಲತಾಣದಲ್ಲಿ ಅರ್ಧ ಗಂಟೆಯ ಕೆಲಸ, ಸಂಪೂರ್ಣ ಉಚಿತ. ಅದೇ ತರಹ ಕಾಣುವ ಖಾಸಗಿ ತಾಣಗಳು ಸಾವಿರಾರು ರೂಪಾಯಿ ಕೇಳುತ್ತವೆ, ಹಣ ಕೇಳಿದ ಕೂಡಲೇ ಹೊರಬನ್ನಿ. ಕೆಲಸ ಒಪ್ಪಿಸಿದ ಮೇಲೆ ಮಾಡಿಸಿದ ನೋಂದಣಿಯ ಬಲದಿಂದ ಹಳೆಯ ಬಾಕಿ ಕೇಳಲಾಗದು. ನೀವು ಇನ್ನೂ ಮಾಡಿಸಿಲ್ಲದಿದ್ದರೆ ಮುಂದಿನ ಕೆಲಸಕ್ಕಾದರೂ ಆಗಲಿ, ಇವತ್ತೇ ಮಾಡಿಸಿ.

ನೋಂದಣಿ ಮೊದಲೇ ಇದ್ದರೆ 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆ ನಿಮ್ಮ ಬೆನ್ನಿಗಿದೆ. ಲಿಖಿತ ಒಪ್ಪಂದದಲ್ಲಿ ಗಡುವಿದ್ದರೆ ಅಷ್ಟರೊಳಗೆ ಹಣ ಬರಬೇಕು, ಆ ಗಡುವು 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ. "ಕೆಲಸ ಸರಿ ಬಂದಿರಲಿಲ್ಲ" ಎಂದು ನಾಲ್ಕು ತಿಂಗಳ ಮೇಲೆ ಅವರು ತಕರಾರು ತೆಗೆದರೆ, ಒಪ್ಪಿಸಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಬಂದಿರದಿದ್ದರೆ ಕೆಲಸ ಸ್ವೀಕೃತವಾದಂತೆಯೇ ಎಂದು ಕಾಯ್ದೆ ಹೇಳುತ್ತದೆ. ಅದಕ್ಕಾಗಿಯೇ ಫೈಲ್‌ಗಳನ್ನು ಇಮೇಲ್‌ನಲ್ಲಿ ಒಪ್ಪಿಸಬೇಕು, ಪೆನ್‌ಡ್ರೈವ್‌ನಲ್ಲಿ ಕೈಗೆ ಕೊಟ್ಟು ಬರಬಾರದು. ಒಪ್ಪಿಸಿದ ದಿನಾಂಕಕ್ಕೆ ಇಮೇಲ್ಲೇ ಸಾಕ್ಷಿ.

ಮೊದಲು ಕಂಪನಿಯ ಲೆಕ್ಕ ವಿಭಾಗಕ್ಕೆ ಬರೆಯಿರಿ, ನಿಮ್ಮನ್ನು ಕರೆದ ಮ್ಯಾನೇಜರಿಗಲ್ಲ. ಬಿಲ್, ಉದ್ಯಮ್ ಪ್ರಮಾಣಪತ್ರ, ಒಪ್ಪಿಸಿದ ಇಮೇಲ್‌ನ ಪ್ರತಿ ಲಗತ್ತಿಸಿ. ಇಲ್ಲಿ ಒಂದು ಸಂಗತಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ: ಸೂಕ್ಷ್ಮ, ಸಣ್ಣ ಉದ್ಯಮಗಳಿಗೆ ಈ ಗಡುವಿನೊಳಗೆ ಕೊಡದ ಹಣವನ್ನು ಕಂಪನಿಯು ನಿಜವಾಗಿ ಕೊಡುವ ವರ್ಷದವರೆಗೆ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಲೆಕ್ಕಿಗರಿಗೆ ಇದು ಗೊತ್ತು. ಮಾರ್ಚ್ ಹತ್ತಿರವಿದ್ದರೆ ಈ ಸಾಲನ್ನು ಪತ್ರದಲ್ಲಿ ಸೇರಿಸಿ. ಇಷ್ಟಕ್ಕೂ ಜಗ್ಗದಿದ್ದರೆ ಎಂಎಸ್‌ಎಂಇ ಸಚಿವಾಲಯದ ತಾಣದಲ್ಲಿ ಬಾಕಿಯ ದೂರು ದಾಖಲಿಸಿ. ಅದು ಇಂಥ ಬಾಕಿಯ ವಿವಾದ ಬಗೆಹರಿಸುವ ರಾಜ್ಯದ ಸೌಲಭ್ಯ ಮಂಡಳಿಗೆ ಹೋಗುತ್ತದೆ.

*

ಬಿಲ್‌ನಲ್ಲಿ 60,000 ಹಾಕಿದ್ದೆ, ಖಾತೆಗೆ ಬಂದದ್ದು 54,000. 6,000 ಎಲ್ಲಿ ಹೋಯಿತು? ನಾನು ಜಿಎಸ್‌ಟಿ ಮಾಡಿಸಬೇಕೇ?
— ಓದುಗರು, ಕಲಬುರಗಿ

ಅದು ಟಿಡಿಎಸ್, ನಿಮ್ಮ ಹೆಸರಿನಲ್ಲಿ ಮುಂಗಡವಾಗಿ ಕಟ್ಟಿದ ಆದಾಯ ತೆರಿಗೆ. ಕಳೆದುಹೋಗಿಲ್ಲ. ವೃತ್ತಿ ಶುಲ್ಕವೆಂದು ಕೊಡುವಾಗ 10% ಹಿಡಿಯುತ್ತಾರೆ. 2025ರ ಏಪ್ರಿಲ್‌ನಿಂದ ಇದಕ್ಕೆ ಮಿತಿ ವರ್ಷಕ್ಕೆ 50,000. ಪ್ಯಾನ್ ಕೊಡದಿದ್ದರೆ 20% ಹೋಗುತ್ತದೆ, ಹಾಗಾಗಿ ಬಿಲ್‌ನಲ್ಲೇ ಪ್ಯಾನ್ ಹಾಕಿ. ಆದಾಯ ತೆರಿಗೆ ತಾಣದಲ್ಲಿ ನಿಮ್ಮ ಖಾತೆಗೆ ಆ 6,000 ಜಮೆಯಾಗಿದೆಯೇ ನೋಡಿ, ಇಲ್ಲದಿದ್ದರೆ ಕಂಪನಿಯನ್ನು ಕೇಳಿ. ರಿಟರ್ನ್ ಸಲ್ಲಿಸಿದಾಗ ನಿಮಗೆ ತೆರಿಗೆ ಬೀಳದಿದ್ದರೆ ಅಷ್ಟೂ ವಾಪಸ್ ಬರುತ್ತದೆ. ರಿಟರ್ನ್ ಸಲ್ಲಿಸದೆ ಬಿಟ್ಟವರ ಹಣವೇ ಹಾಗೆ ಉಳಿದುಬಿಡುವುದು.

ಜಿಎಸ್‌ಟಿ ನೋಂದಣಿ, ಸೇವೆ ಕೊಡುವವರಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು 20 ಲಕ್ಷ ದಾಟಿದಾಗ. ಅಲ್ಲಿಯವರೆಗೆ ನೋಂದಣಿಯಿಲ್ಲದೆ ಬಿಲ್‌ನಲ್ಲಿ ಜಿಎಸ್‌ಟಿ ಎಂದು ಸೇರಿಸಿ ವಸೂಲಿ ಮಾಡಬೇಡಿ, ಅದು ಅಪರಾಧ.

*

ಪರದೆಯಲ್ಲಿ ಸರಿಯಿದ್ದ ಕನ್ನಡ ಅಕ್ಷರ ಪ್ರೆಸ್ಸಿನಲ್ಲಿ ಒಡೆದು ಬಂತು. "ಸ್ವಾತಂತ್ರ್ಯ" ಎಂಬ ಪದ ಓದಲಾಗದಂತೆ ಆಗಿತ್ತು. ಮುಖಪುಟದ ಬಣ್ಣವೂ ಮಂಕು. ಎಲ್ಲಿ ತಪ್ಪಿದೆ?
— ಓದುಗರು, ಶಿವಮೊಗ್ಗ

ಇವು ಎರಡು ಬೇರೆ ತಪ್ಪುಗಳು. ಅಕ್ಷರದ್ದು ಮೊದಲು.

ಕನ್ನಡದಲ್ಲಿ ವ್ಯಂಜನ, ಗುಣಿತ, ಒತ್ತು ಮೂರೂ ಸೇರಿ ಒಂದು ಆಕಾರ ಆಗಬೇಕು. ಯೂನಿಕೋಡ್ ಫಾಂಟಿನಲ್ಲಿ ಈ ಜೋಡಣೆಯನ್ನು ತಂತ್ರಾಂಶ ಮಾಡಬೇಕು. ಇಂಗ್ಲಿಷಿಗೆಂದೇ ಇರುವ ಜೋಡಣೆ ಆಯ್ಕೆಯಾಗಿದ್ದರೆ ಒತ್ತುಗಳು ಪಕ್ಕಕ್ಕೆ ಸರಿದು ನಿಲ್ಲುತ್ತವೆ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಫಲಕದ ಮೂಲೆಯ ಮೆನುವಿಗೆ ಹೋಗಿ ಅಡೋಬಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಇಲಸ್ಟ್ರೇಟರ್‌ನಲ್ಲಿ ಮೊದಲು ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಇಂಡಿಕ್ ಆಯ್ಕೆಗಳನ್ನು ಆನ್ ಮಾಡಿ, ಆಮೇಲೆ ಪ್ಯಾರಾಗ್ರಾಫ್ ಫಲಕದಲ್ಲಿ ದಕ್ಷಿಣ ಏಷ್ಯಾದ ಕಂಪೋಸರ್ ಆರಿಸಬೇಕು. ಫೋಟೋಶಾಪ್‌ನಲ್ಲೂ ಟೈಪ್ ಪ್ರಿಫರೆನ್ಸಸ್‌ನಲ್ಲೇ ಇದೆ.

ಇನ್ನೊಂದು ಕಾರಣ ಫಾಂಟಿನ ಬಗೆ. ಹಳೆಯ ನುಡಿ, ಬರಹ ಫಾಂಟುಗಳ ಯೂನಿಕೋಡ್ ಅಲ್ಲದ ಪಠ್ಯಕ್ಕೆ ಯೂನಿಕೋಡ್ ಫಾಂಟ್ ಹಾಕಿದರೆ ಚಿತ್ರವಿಚಿತ್ರ ಚಿಹ್ನೆಗಳು ಬರುತ್ತವೆ. ಡಿಟಿಪಿಯವರಿಂದ ಪಠ್ಯ ಬಂದಾಗ ಯಾವುದೆಂದು ಕೇಳಿ, ಮೊದಲೇ ಪರಿವರ್ತಿಸಿಕೊಳ್ಳಿ. ಪರಿವರ್ತನೆಯಲ್ಲಿ ಅರ್ಕಾವತ್ತು, ಕೊಂಬು-ದೀರ್ಘಗಳು ಆಗಾಗ ಕೆಡುತ್ತವೆ. ಪ್ರತಿ ಫಾಂಟನ್ನೂ ಬಳಸುವ ಮೊದಲು ಈ ಪದಗಳನ್ನು ಬೆರಳಚ್ಚಿಸಿ ನೋಡಿ: ಸ್ವಾತಂತ್ರ್ಯ, ರಾಷ್ಟ್ರ, ಸ್ತ್ರೀ, ಸೂರ್ಯ, ಕೀರ್ತಿ, ಜ್ಞಾನ, ವಾಙ್ಮಯ, ಹೃದಯ. ಇಷ್ಟೂ ಸರಿ ಬಂದರೆ ಫಾಂಟ್ ನಂಬಬಹುದು. ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ 2, ಹುಬ್ಬಳ್ಳಿ, ಟಿರೊ ಕನ್ನಡ ಇವೆಲ್ಲ ಮುಕ್ತ ಪರವಾನಗಿಯವು, ವ್ಯಾಪಾರದ ಕೆಲಸಕ್ಕೂ ಬಳಸಬಹುದು. "ವೈಯಕ್ತಿಕ ಬಳಕೆಗೆ ಮಾತ್ರ" ಎಂದಿರುವ ಫಾಂಟನ್ನು ಗಿರಾಕಿಯ ಕೆಲಸದಲ್ಲಿ ಹಾಕಬೇಡಿ.

ಸಾಲುಗಳ ಅಂತರವನ್ನೂ ಗಮನಿಸಿ. ತಂತ್ರಾಂಶ ತಾನಾಗಿ ಕೊಡುವ 120% ಇಂಗ್ಲಿಷಿಗೆ ಸಾಕು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. 145%ರಿಂದ ಶುರು ಮಾಡಿ. ಅಕ್ಷರಗಳ ನಡುವಿನ ಅಂತರ ಹಿಗ್ಗಿಸಬೇಡಿ, ಪದ ಚೂರುಚೂರಾಗಿ ಕಾಣುತ್ತದೆ. ಕೊನೆಯಲ್ಲಿ ಮುಖಪುಟದ ಅಕ್ಷರಗಳನ್ನು ಔಟ್‌ಲೈನ್ (ಫಾಂಟ್ ಬೇಡದ ಬರಿಯ ಆಕಾರ) ಆಗಿ ಬದಲಿಸಿ ಪಿಡಿಎಫ್ ಮಾಡಿದರೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಒಡೆಯುವ ಮಾತಿಲ್ಲ. ತಿದ್ದಲು ಬರುವ ಮೂಲ ಫೈಲ್ ಬೇರೆಯಾಗಿ ಇರಲಿ.

ಇನ್ನು ಬಣ್ಣ. ಪರದೆ ಬೆಳಕಿನ ಮೂರು ಬಣ್ಣದಲ್ಲಿ (ಆರ್‌ಜಿಬಿ), ಪ್ರೆಸ್ಸು ಶಾಯಿಯ ನಾಲ್ಕು ಬಣ್ಣದಲ್ಲಿ (ಸಿಎಂವೈಕೆ) ಕೆಲಸ ಮಾಡುತ್ತದೆ. ಗಿಳಿಹಸಿರು, ಹೊಳೆಯುವ ಕಿತ್ತಳೆ, ಗಾಢ ನೀಲಿ ಶಾಯಿಯಲ್ಲಿ ಹಾಗೆ ಸಿಗುವುದೇ ಇಲ್ಲ. ಬಣ್ಣ ಹಚ್ಚುವಾಗಲೇ ಸಿಎಂವೈಕೆ ಪ್ರೂಫ್ ನೋಟದಲ್ಲಿ ಇಟ್ಟುಕೊಂಡರೆ ಕೊನೆಗೆ ಎದೆ ಒಡೆಯುವುದಿಲ್ಲ. ಕಪ್ಪು ಅಕ್ಷರ ಕಪ್ಪು ಶಾಯಿ 100% ಮಾತ್ರ ಇರಲಿ. ಆರ್‌ಜಿಬಿ ಕಪ್ಪನ್ನು ಫೋಟೋಶಾಪ್‌ನಲ್ಲಿ ಹಾಗೇ ಪರಿವರ್ತಿಸಿದರೆ ಅದು 75, 68, 67, 90 ಎಂದು ನಾಲ್ಕೂ ಶಾಯಿಗೆ ಹಂಚಿಹೋಗಿ, ಒಟ್ಟು 300% ಆಗುತ್ತದೆ. ನಾಲ್ಕು ಪ್ಲೇಟುಗಳಲ್ಲಿ ಒಂದು ಕೂದಲೆಳೆ ಸರಿದರೂ ಸಣ್ಣ ಅಕ್ಷರದ ಅಂಚಿನಲ್ಲಿ ಬಣ್ಣದ ನೆರಳು ಬೀಳುತ್ತದೆ. ಒತ್ತಕ್ಷರ ಮೊದಲು ಬಲಿಯಾಗುವುದು ಅಲ್ಲೇ.

ಡೆಮಿ 1/8 ಮುಖಪುಟದ ಅಳತೆ ಹೇಗೆಂದು ಅನೇಕರು ಕೇಳುತ್ತಾರೆ. ಒಂದು ಬದಿ 140 × 216 ಮಿ.ಮೀ. 160 ಪುಟದ ಪುಸ್ತಕವೆಂದರೆ 80 ಹಾಳೆ. ಒಂದು ಹಾಳೆಯ ದಪ್ಪ 0.1 ಮಿ.ಮೀ. ಇದ್ದರೆ ಬೆನ್ನು 8 ಮಿ.ಮೀ. ಎರಡು ಬದಿ ಮತ್ತು ಬೆನ್ನು ಸೇರಿ 288 × 216. ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಸೇರಿಸಿದರೆ 294 × 222. ಇಂಚಿಗೆ 300 ಪಿಕ್ಸೆಲ್ (300 ಪಿಪಿಐ) ಲೆಕ್ಕದಲ್ಲಿ ಅದು 3,472 × 2,622 ಪಿಕ್ಸೆಲ್. ಕಾಗದದ ದಪ್ಪವನ್ನು ಊಹಿಸದೆ ಪ್ರೆಸ್ಸಿನವರನ್ನೇ ಕೇಳಿ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೊ ಕಾಗದ ಎಲ್ಲ ಗಿರಣಿಯದ್ದೂ ಒಂದೇ ದಪ್ಪ ಇರುವುದಿಲ್ಲ. ಬೆನ್ನಿನ ಅಕ್ಷರ ಎರಡೂ ಅಂಚಿನಿಂದ ಒಂದೂವರೆ ಮಿ.ಮೀ. ಒಳಗಿರಲಿ.

*

ಮೈಸೂರಿನ ದೃಶ್ಯಕಲಾ ಕಾಲೇಜು ಕಾವಾದಲ್ಲಿ ಓದು ಮುಗಿಸಿದ್ದೇನೆ. ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವ ಆಸೆ. ನನ್ನ ಬಳಿ ಇರುವುದೆಲ್ಲ ಭಾವಚಿತ್ರ ಮತ್ತು ನಿಸರ್ಗಚಿತ್ರ. ಪೋರ್ಟ್‌ಫೋಲಿಯೊದಲ್ಲಿ ಏನಿಡಲಿ?
— ಓದುಗರು, ಮೈಸೂರು

ಹನ್ನೆರಡು ಚಿತ್ರ ಸಾಕು. ಮಕ್ಕಳ ಪುಸ್ತಕದ ಸಂಪಾದಕರು ಹುಡುಕುವುದು ಒಂದು ಸುಂದರ ಚಿತ್ರವನ್ನಲ್ಲ, ಒಂದೇ ಪಾತ್ರ ಇಪ್ಪತ್ತನಾಲ್ಕು ಪುಟದಲ್ಲೂ ಅದೇ ಪಾತ್ರವಾಗಿ ಉಳಿಯುತ್ತದೆಯೇ ಎಂಬುದನ್ನು. ಹಾಗಾಗಿ ಒಂದೇ ಮಗುವನ್ನು ಓಡುತ್ತ, ಅಳುತ್ತ, ಬೆನ್ನು ತಿರುಗಿಸಿ, ಮೇಲಿನಿಂದ ನೋಡಿದಂತೆ, ಗುಂಪಿನ ನಡುವೆ ಐದು ಬಗೆಯಲ್ಲಿ ಬರೆದ ಒಂದು ಹಾಳೆ ಇರಲಿ. ಒಂದೇ ಕಥೆಯ ಬೆನ್ನುಬೆನ್ನಿನ ಮೂರು ಜೋಡಿಪುಟ ಇರಲಿ, ಪಠ್ಯಕ್ಕೆ ಜಾಗ ಬಿಟ್ಟು. ಒಂದು ರಾತ್ರಿ, ಒಂದು ಮಳೆ, ಒಂದು ಸಂತೆ ಅಥವಾ ಬಸ್‌ಸ್ಟ್ಯಾಂಡ್. ಭಾವಚಿತ್ರಗಳಲ್ಲಿ ಅತ್ಯುತ್ತಮವಾದ ಒಂದನ್ನು ಉಳಿಸಿಕೊಂಡು ಮಿಕ್ಕದ್ದನ್ನು ತೆಗೆದುಬಿಡಿ, ನೋವಾದರೂ.

ಕಥೆ ಎಲ್ಲಿಂದ ತರಲಿ ಎಂದರೆ ಒಳ್ಳೆಯ ದಾರಿ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡವೂ ಸೇರಿ ಹಲವು ಭಾಷೆಯ ಮಕ್ಕಳ ಕಥೆಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ. ಲೇಖಕರ ಹೆಸರು ಹಾಕಿ, ಅಲ್ಲಿನ ಪಠ್ಯಕ್ಕೆ ನೀವೇ ಹೊಸದಾಗಿ ಚಿತ್ರ ಬರೆಯಬಹುದು. ಮೂಲ ಚಿತ್ರಗಳನ್ನು ನಿಮ್ಮ ಕೆಲಸ ಮುಗಿಯುವವರೆಗೆ ನೋಡಬೇಡಿ. ಮುಗಿದ ಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಪುಟ ಎಲ್ಲಿ ತಿರುಗಬೇಕು, ಎಲ್ಲಿ ಖಾಲಿ ಬಿಡಬೇಕು ಎಂಬ ಪಾಠ ತಾನೇ ಸಿಗುತ್ತದೆ. ಆದರೆ ನೆನಪಿಡಿ, ನಿಮ್ಮ ಚಿತ್ರವನ್ನು ಇಂಥ ಮುಕ್ತ ಪರವಾನಗಿಯಲ್ಲಿ ಪ್ರಕಟಿಸಿದರೆ ಯಾರಾದರೂ ನಿಮ್ಮ ಹೆಸರು ಹಾಕಿ ವ್ಯಾಪಾರಕ್ಕೂ ಬಳಸಬಹುದು, ಆ ಅನುಮತಿಯನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ತಿಳಿದು ಕೊಡುವುದಾದರೆ ಅದು ದೊಡ್ಡ ಕೊಡುಗೆಯೇ.

5 ಎಂಬಿಯೊಳಗಿನ ಒಂದು ಪಿಡಿಎಫ್, ಫೈಲಿನ ಹೆಸರಿನಲ್ಲಿ ನಿಮ್ಮ ಹೆಸರು, ಕೊನೆಯ ಪುಟದಲ್ಲಿ ಫೋನ್ ಮತ್ತು ಇಮೇಲ್. "ಸ್ಯಾಂಪಲ್ ಒಂದು ಜೋಡಿಪುಟ ಉಚಿತವಾಗಿ ಮಾಡಿ ತೋರಿಸಿ" ಎಂದರೆ, ಪಾತ್ರದ ಒಂದು ಪೆನ್ಸಿಲ್ ಕರಡು ಕೊಡಿ, ಅಷ್ಟೇ.

*

ಗಿರಾಕಿ ಎಐನಲ್ಲಿ ಮಾಡಿದ ಚಿತ್ರ ಕಳಿಸಿ "ಇದೇ ಥರ, ಸ್ವಲ್ಪ ಬದಲಿಸಿ, ಅರ್ಧ ರೇಟಿಗೆ ಮಾಡಿಕೊಡಿ" ಎನ್ನುತ್ತಾರೆ. ಒಪ್ಪಬಹುದೇ?
— ಓದುಗರು, ಉಡುಪಿ

ಅರ್ಧ ದರಕ್ಕೆ ಬೇಡ. ಆರು ಬೆರಳು, ದಾರವೇ ಇಲ್ಲದ ಮದ್ದಳೆ, ಅರ್ಥವಿಲ್ಲದ ಕನ್ನಡ ಅಕ್ಷರ ಇವನ್ನು ಸರಿಪಡಿಸುವುದಕ್ಕೆ ಹೊಸದಾಗಿ ಬರೆಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಆ ಚಿತ್ರವನ್ನು ಗಿರಾಕಿಯ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವ ಸೂಚನೆಯಾಗಿ ಮಾತ್ರ ಇಟ್ಟುಕೊಳ್ಳಿ. ಅದರ ಮೇಲೆ ಗೆರೆ ಎಳೆದು ನಕಲು ಮಾಡಬೇಡಿ. ಅದರೊಳಗೆ ಯಾರ ಕೃತಿಯ ಎಷ್ಟು ಭಾಗ ಬಂದಿದೆ ಎಂದು ನಿಮಗೂ ತಿಳಿಯದು, ಗಿರಾಕಿಗೂ ತಿಳಿಯದು. "ಮಾದರಿ ಚಿತ್ರ ಗಿರಾಕಿಯವರಿಂದ ಬಂದದ್ದು, ಅಂತಿಮ ಚಿತ್ರ ಹೊಸ ರಚನೆ" ಎಂಬ ಸಾಲು ಕರಾರಿನಲ್ಲಿ ಸೇರಲಿ.

*

ನೌಕರಿಯಲ್ಲಿದ್ದೇನೆ. ಮಲೆನಾಡಿನ ಮಳೆಗಾಲದ ಹುಳುಹುಪ್ಪಟೆಗಳ ಮೇಲೆ ನನ್ನದೇ ಒಂದು ಪುಟ್ಟ ಚಿತ್ರಪುಸ್ತಿಕೆ ತರಬೇಕೆಂದು ಎರಡು ವರ್ಷದಿಂದ ಯೋಚಿಸುತ್ತಿದ್ದೇನೆ. ಎಷ್ಟು ಪುಟ, ಎಷ್ಟು ಪ್ರತಿ, ಹೇಗೆ?
— ಓದುಗರು, ಬೆಂಗಳೂರು

ಮೊದಲು ನಿಮ್ಮ ನೇಮಕಾತಿ ಪತ್ರ ಓದಿ. ಕೆಲವು ಕಂಪನಿಗಳ ಕರಾರಿನಲ್ಲಿ ನೌಕರರು ಮಾಡುವ ಸೃಜನಶೀಲ ಕೆಲಸವೆಲ್ಲ ಕಂಪನಿಗೆ ಸೇರಿದ್ದು ಎಂಬ ಅಗಲವಾದ ಕಲಮು ಇರುತ್ತದೆ. ಇದ್ದರೆ ಒಂದು ಇಮೇಲ್‌ನಲ್ಲಿ ಅನುಮತಿ ಪಡೆಯಿರಿ. ಕಚೇರಿಯ ಲ್ಯಾಪ್‌ಟಾಪ್, ಕಚೇರಿಯ ತಂತ್ರಾಂಶ ಮುಟ್ಟಬೇಡಿ.

ಪುಟ 16ಕ್ಕೆ ಕಟ್ಟಿಹಾಕಿ. ಎರಡು ವರ್ಷ ಯೋಚನೆಯಲ್ಲೇ ಕಳೆದದ್ದಕ್ಕೆ ಪುಸ್ತಿಕೆಗೆ ಅಂಚು ಇಲ್ಲದ್ದೇ ಕಾರಣ ಇರಬೇಕು. ನಾಲ್ಕು ಎ4 ಹಾಳೆಯನ್ನು ನಡುವೆ ಮಡಚಿದರೆ 16 ಎ5 ಪುಟ. ಮುಖಪುಟ, ಹಿಂಪುಟ, ಹೆಸರಿನ ಪುಟ, ಟಿಪ್ಪಣಿಯ ಪುಟ ಹೋದರೆ 12 ಪುಟ ಉಳಿಯಿತು. ಹನ್ನೆರಡು ಹುಳ. ವಾರಕ್ಕೆ ಎರಡು ಸಂಜೆಯಂತೆ, ಒಂದಕ್ಕೆ ಎರಡು ಸಂಜೆ ಎಂದರೆ ಹನ್ನೆರಡು ವಾರ. ಯುಗಾದಿಗೆ ಹಿಡಿದರೆ ಮಳೆ ಹಿಡಿಯುವಷ್ಟರಲ್ಲಿ ಚಿತ್ರ ಮುಗಿದಿರುತ್ತದೆ.

ಚಿತ್ರ ಶುರು ಮಾಡುವ ಮೊದಲು ಖಾಲಿ ಹಾಳೆಯಲ್ಲಿ ಡಮ್ಮಿ ಮಾಡಿ, ಪುಟ ಸಂಖ್ಯೆ ಬರೆದು, ಬಿಡಿಸಿ ನೋಡಿ. ಹೊರಗಿನ ಹಾಳೆಯ ಒಂದು ಬದಿಯಲ್ಲಿ 16 ಮತ್ತು 1, ಅದರ ಹಿಂದೆ 2 ಮತ್ತು 15. ಮುಂದಿನದರಲ್ಲಿ 14 ಮತ್ತು 3, ಹಿಂದೆ 4 ಮತ್ತು 13. ಯಾವ ಬದಿ ನೋಡಿದರೂ ಎರಡು ಸಂಖ್ಯೆಯ ಮೊತ್ತ 17 ಬರಬೇಕು, ಬರದಿದ್ದರೆ ಜೋಡಣೆ ತಪ್ಪಿದೆ. ಮಡಚಿದಾಗ ಒಳಹಾಳೆಗಳು ತುಸು ಹೊರಗೆ ಚಾಚುತ್ತವೆ, ಪಿನ್ ಹೊಡೆದ ಮೇಲೆ ಅಂಚು ಕತ್ತರಿಸುತ್ತಾರೆ. ಹಾಗಾಗಿ ಚಿಟ್ಟೆಯ ಮೀಸೆಯಾಗಲಿ ಪುಟಸಂಖ್ಯೆಯಾಗಲಿ ಅಂಚಿನಿಂದ 8 ಮಿ.ಮೀ. ಒಳಗಿರಲಿ.

ಒಳಹಾಳೆ 100 ಜಿಎಸ್‌ಎಂ, ಹೊರಹಾಳೆ 200. ದಪ್ಪ ಕಾಗದವನ್ನು ಅದರ ನಾರಿಗೆ ಅಡ್ಡವಾಗಿ ಮಡಚಿದರೆ ಬೆನ್ನಿನಲ್ಲಿ ಶಾಯಿ ಸೀಳುತ್ತದೆ. ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಗ್ಗಿಸಿ ನೋಡಿ, ಸುಲಭವಾಗಿ ಬಗ್ಗುವ ಕಡೆ ಮಡಿಕೆ ಬರುವಂತೆ ಕತ್ತರಿಸಿಕೊಡಲು ಹೇಳಿ, ಮಡಚುವ ಮೊದಲು ಗೀರು ಹಾಕಿಸಿ. 50 ಪ್ರತಿಗೆ 150 ಒಳಹಾಳೆ, 50 ಹೊರಹಾಳೆ ಬೇಕು; ಕೆಡುವುದಕ್ಕೆಂದು ಹತ್ತು ಮತ್ತು ಐದು ಹೆಚ್ಚಿಗೆ ಇರಲಿ. ಮೊದಲ ಸಲ 50 ಪ್ರತಿಯೇ ಸಾಕು, ಡಿಜಿಟಲ್ ಮುದ್ರಣದಲ್ಲಿ. ಆಫ್‌ಸೆಟ್‌ಗೆ ಪ್ಲೇಟಿನ ಖರ್ಚು ಇರುವುದರಿಂದ ಇಷ್ಟು ಕಡಿಮೆಗೆ ಗಿಟ್ಟುವುದಿಲ್ಲ. ಎಲ್ಲಕ್ಕೂ ಮೊದಲು ಒಂದೇ ಪ್ರತಿ ಪೂರ್ತಿ ಮಾಡಿಸಿ, ಹಗಲಿನ ಬೆಳಕಿನಲ್ಲಿ ನೋಡಿ.

ಹುಳುಗಳಿಗೆ ರೈಸೊ (ಕೊರೆಯಚ್ಚಿನ ಯಂತ್ರದ) ಮುದ್ರಣ ಬಹಳ ಒಪ್ಪುತ್ತದೆ. ಒಂದು ಸಲಕ್ಕೆ ಒಂದು ಬಣ್ಣ. ಎರಡು ಬಣ್ಣಕ್ಕೆ ಎರಡು ಬೂದುಬಣ್ಣದ ಫೈಲ್ ಕೊಡಬೇಕು. ಎರಡನೆಯ ಬಣ್ಣ ಒಂದೆರಡು ಮಿ.ಮೀ. ಸರಿಯುವುದು ಆ ಯಂತ್ರದ ಸ್ವಭಾವ, ಹಾಗಾಗಿ ಗೆರೆಯೊಳಗೆ ಬಿಗಿಯಾಗಿ ತುಂಬುವ ಬಣ್ಣ ಬೇಡ. ಗೆರೆಯನ್ನು ಮೀರಿ ಹರಿದರೆ ಚೆಂದ. ಶಾಯಿ ಎಣ್ಣೆಯದ್ದು, ಪೂರ್ತಿ ಒಣಗುವುದಿಲ್ಲ. ನುಣುಪು ಕಾಗದ ನಡೆಯದು, ಇಡೀ ಪುಟ ಗಾಢ ಬಣ್ಣ ತುಂಬಿದರೆ ಎದುರು ಪುಟಕ್ಕೆ ಅಂಟುತ್ತದೆ.

ಬೆಲೆಯನ್ನು ತಯಾರಿಕೆಯ ಖರ್ಚಿನ ಮೂರು ಪಟ್ಟಿಗೆ ಕಡಿಮೆ ಇಡಬೇಡಿ. ಒಂದು ಪ್ರತಿಗೆ 40 ರೂ. ಬಿದ್ದರೆ ಬೆಲೆ 120. ಪುಸ್ತಕದಂಗಡಿ 40% ಇಟ್ಟುಕೊಂಡರೆ ನಿಮಗೆ 72, ಖರ್ಚು ಕಳೆದು 32. ಬೆಲೆ 80 ಇಟ್ಟಿದ್ದರೆ ಉಳಿಯುವುದು 8 ರೂ.; ಹತ್ತು ಪ್ರತಿ ಮಾರಾಟವಾಗದೆ ಉಳಿದರೂ ಎರಡನೆಯ ಮುದ್ರಣಕ್ಕೆ ಕೈಯಿಂದ ಹಾಕಬೇಕು. ನೇರವಾಗಿ ಮಾರಲು ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆ ಇದೆ. ಅರ್ಜಿಗಳನ್ನು ತಿಂಗಳುಗಳ ಮೊದಲೇ ಕರೆಯುತ್ತಾರೆ, ಡಿಸೆಂಬರಿನಲ್ಲಿ ಎಚ್ಚೆತ್ತರೆ ಆಗದು. ಐಎಸ್‌ಬಿಎನ್ ಈ ಪುಸ್ತಿಕೆಗೆ ಬೇಕಿಲ್ಲ. ಮುಂದೆ ಇದನ್ನೇ ದೊಡ್ಡ ಪುಸ್ತಕ ಮಾಡಿದಾಗ ಕೇಂದ್ರ ಸರ್ಕಾರದ ತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ಹಿಂಪುಟದ ಒಳಬದಿಯಲ್ಲಿ ಪ್ರತಿ ಹುಳದ ಕನ್ನಡ ಹೆಸರು, ನಿಮ್ಮ ಊರಿನಲ್ಲಿ ಕರೆಯುವ ಹೆಸರು, ಕಂಡ ಜಾಗ, ಕಂಡ ತಿಂಗಳು ಬರೆಯಿರಿ. ಹಿರಿಯರಿಂದ ಕೇಳಿದ ಹೆಸರಾದರೆ ಅವರ ಊರನ್ನೂ ಹಾಕಿ. ಎರಡನೆಯ ಮುದ್ರಣಕ್ಕೆ ಓದುಗರು ಕಳಿಸುವ ಹೆಸರುಗಳಿಗೆ ಆ ಪುಟದಲ್ಲಿ ಒಂದಿಷ್ಟು ಖಾಲಿ ಜಾಗವೂ ಇರಲಿ.